ನಾನೇ ಟೈಪ್ ಮಾಡಿದ ಏಳನೇ ಸಾಲು



ಇದು ಸ್ವಲ್ಪ ಉದ್ದದ ಪೋಸ್ಟು. ಆಫೀಸಿನ ಕಂಪ್ಯೂಟರಲ್ಲಿ ಇದನ್ನ ಬರೆಯೋ ಹಾಗಿಲ್ಲ, ಯಾಕೆ ಅಂತ ಮುಂದೆ ಓದಿದ್ರೆ ಗೊತ್ತಾಗುತ್ತೆ. ರಾತ್ರಿ ಊಟ ಆದಮೇಲೆ ಮೊಬೈಲಲ್ಲಿ ಕುಟ್ಟಿದ್ದು. ಕಾಗುಣಿತ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ನಿಮ್ಮಲ್ಲಿ ಬಹಳ ಜನಕ್ಕೆ ನಾನು ಸಂಜೆ ಹೊತ್ತಿನ ಮನುಷ್ಯ. ಮೀಟಿಂಗು, ಧರಣಿ, ಕರಪತ್ರ, ತಹಸೀಲ್ದಾರ್ ಕಚೇರಿ ಮುಂದೆ ಮೈಕು. ಬೆಳಗ್ಗೆ 9ರಿಂದ 6ರವರೆಗೆ ನಾನೇನು ಮಾಡ್ತೀನಿ ಅಂತ ಕೇಳಿದವರು ಕಡಿಮೆ. ಬೆಂಗಳೂರು ಏರ್‌ಪೋರ್ಟ್ ದಾಟಿದ ಮೇಲೆ ದ್ರಾಕ್ಷಿ ತೋಟ ಕಿತ್ತು ಕಟ್ಟಿದ ವಿಲ್ಲಾಗಳ ಬಡಾವಣೆಗಳಿವೆಯಲ್ಲ, ಅಂಥ ಒಂದರ ಒಳಗಿರೋ ಕ್ಲಬ್ಬಿನಲ್ಲಿ ನಾನು ಗುಮಾಸ್ತ. ಹೆಸರು ಬೇಡ. ಇಂಥವು ನೂರಿವೆ, ಒಂದರ ಹೆಸರು ಹಾಕಿದ್ರೆ ಉಳಿದವರು ತಪ್ಪಿಸ್ಕೊಳ್ತಾರೆ. ಕೆಲಸವೂ ನಂಗೆ ಬೇಕು, ಸುಳ್ಳು ಯಾಕೆ ಹೇಳಲಿ.

ಇದನ್ನ ಅವರು ಕಂಟ್ರಿ ಕ್ಲಬ್ ಅಂತಾರೆ. ಕೆಲಸ ಸಿಕ್ಕಿದ ದಿನ ಅವ್ವನಿಗೆ ಹೇಳಿದಾಗ ಅವಳ ಮುಖ ಕಪ್ಪಿಟ್ಟಿತು. ನಮ್ಮ ಕಡೆ ಕಂಟ್ರಿ ಅಂದ್ರೆ ಸಾರಾಯಿ ತಾನೆ? 2007ರಲ್ಲಿ ಸಾರಾಯಿ ನಿಷೇಧ ಆದಮೇಲೂ ಆ ಪದ ಅವಳ ಕಿವಿಯಿಂದ ಹೋಗಿರಲಿಲ್ಲ. "ಬಿಎ ಓದಿಸಿದ್ದು ಅಂಗಡಿಲಿ ಕೂರೋಕಾ ಮಗ?" ಅಂದಳು. ಇಲ್ಲ ಅವ್ವ, ಅದು ದೊಡ್ಡವರು ಆಡೋ ಜಾಗ, ನಾನು ಲೆಕ್ಕ ಬರೀಬೇಕು ಅಷ್ಟೆ ಅಂತ ಸಮಾಧಾನ ಮಾಡಿದೆ.

ಏಪ್ರಿಲ್ ಬಂತು ಅಂದ್ರೆ ನನ್ನ ಟೇಬಲ್ ಮೇಲೆ ಎರಡು ಥರದ ಕಾಗದ. ಒಂದು ಬೇಸಿಗೆ ಚಟುವಟಿಕೆಗಳ ಪಟ್ಟಿ: ಈಜು, ಟೆನಿಸ್, ಚೆಸ್, ಕುಂಬಾರಿಕೆ, ರೋಬೋಟ್ ಮಾಡೋದು, ಒಂದು ದಿನ 'ಹಳ್ಳಿ ಅನುಭವ'. ಆ ಹಳ್ಳಿ ಅನುಭವದ ದಿನ ಎತ್ತಿನ ಗಾಡಿ ಬಾಡಿಗೆಗೆ ತರಿಸ್ತಾರೆ, ಮಕ್ಕಳು ರಾಗಿ ಬೀಸ್ತಾರೆ, ಫೋಟೋ ಹೊಡೀತಾರೆ. ಕಾಂಪೌಂಡ್ ಆಚೆ ನಿಜವಾದ ಹಳ್ಳಿ ಇದೆ, ಅಲ್ಲಿಗೆ ಯಾರೂ ಹೋಗಲ್ಲ. ಶಿಬಿರದ ಫೀಸು ನನ್ನ ತಿಂಗಳ ಸಂಬಳದ ಅರ್ಧಕ್ಕಿಂತ ಜಾಸ್ತಿ. ಇನ್ನೊಂದು ಕಾಗದ ಸದಸ್ಯರಿಗೆ ಜ್ಞಾಪನೆ. ಬಾಕಿ ಕಟ್ಟಿ, ಅತಿಥಿಗಳ ಹೆಸರು ಮೊದಲೇ ಬರೆಸಿ, ಈಜುಡುಪು ಹಾಕದೆ ನೀರಿಗೆ ಇಳಿಯಬೇಡಿ, ಟೆನಿಸ್ ಕೋರ್ಟಿಗೆ ಸರಿಯಾದ ಶೂ ಹಾಕಿ ಬನ್ನಿ, ಇತ್ಯಾದಿ. ಹೋದ ವರ್ಷದ ಫೈಲ್ ತೆಗೆದು ದಿನಾಂಕ ಬದಲಾಯಿಸಿ ಕಳಿಸೋದು ನನ್ನ ಕೆಲಸ. ವರ್ಷಗಟ್ಟಲೆ ಹಾಗೇ ಕಳಿಸಿದ್ದೀನಿ, ಸರಿಯಾಗಿ ಓದದೇನೆ.

ಬಾಕಿ ವಿಷಯ ಬಂತಲ್ಲ, ಒಂದು ಮಾತು. ಬೆಂಗಳೂರಿನ ಹಳೇ ಬೆಂಗಳೂರು ಕ್ಲಬ್ ಶುರುವಾಗಿದ್ದು 1868ರಲ್ಲಿ. ವಿನ್ಸ್ಟನ್ ಚರ್ಚಿಲ್ ಇಲ್ಲಿ ದಂಡಿನಲ್ಲಿದ್ದಾಗ ಅಲ್ಲಿ 13 ರೂಪಾಯಿ ಬಾಕಿ ಉಳಿಸಿ ಹೋದ, ವಸೂಲಾಗದ ಸಾಲದ ಪಟ್ಟಿಯಲ್ಲಿ ಅವನ ಹೆಸರಿದೆ. ಆ ಲೆಡ್ಜರನ್ನ ಇವತ್ತಿಗೂ ಹೆಮ್ಮೆಯಿಂದ ತೋರಿಸ್ತಾರೆ. ದೊಡ್ಡವರ ಬಾಕಿ ಚರಿತ್ರೆ ಆಗುತ್ತೆ. ನಾನು ಈಗ ಹೇಳೋ ಅಕ್ಕನಿಗೆ ಅವತ್ತು ಅರ್ಧ ದಿನದ ಕೂಲಿ ಕಟ್ ಆಯ್ತು, ಅದನ್ನ ಹಾಜರಿ ಪುಸ್ತಕದಲ್ಲಿ ಬರೆದವನೂ ನಾನೇ.

ಹೌಸ್‌ಕೀಪಿಂಗ್‌ನಲ್ಲಿ ಕೆಲಸ ಮಾಡೋ ಅಕ್ಕ ಅವರು. ಪಕ್ಕದ ಹಳ್ಳಿಯ ನಮ್ಮ ಕೇರಿಯವರೇ. ಶಾಲೆಗೆ ಬೇಸಿಗೆ ರಜೆ ಕೊಟ್ಟ ಮೇಲೆ ಮಗನನ್ನ ಮನೇಲಿ ಬಿಡೋಕೆ ಯಾರೂ ಇಲ್ಲ, ಗಂಡ ಗಾರೆ ಕೆಲಸಕ್ಕೆ ಹೋಗ್ತಾನೆ. ಎಂಟು ವರ್ಷದ ಹುಡುಗ. ಅಮ್ಮನ ಜೊತೆ ಬಂದು ಪಂಪ್ ರೂಮ್ ಹಿಂದಿನ ಹೊಂಗೆ ಮರದ ಕೆಳಗೆ ಕೂತಿರ್ತಾನೆ. ಬುತ್ತಿ, ಒಂದು ನೀರಿನ ಬಾಟ್ಲಿ, ಹಳೇ ಪಠ್ಯಪುಸ್ತಕ. ಗಲಾಟೆ ಇಲ್ಲ. ಒಂದು ದಿನ ಶಿಬಿರದ ಮಕ್ಕಳ ಚೆಂಡು ಬೇಲಿ ದಾಟಿ ಬಂತು, ಇವನು ಎತ್ತಿ ಎಸೆದ. ಮಕ್ಕಳು ಮಕ್ಕಳೇ ತಾನೆ, ಬಾ ಅಂದ್ರು. ಹೋದ. ಪೂಲಿನ ಅಂಚಿನಲ್ಲಿ ಕೂತು ಎರಡೂ ಕಾಲು ನೀರಿಗೆ ಇಳಿಬಿಟ್ಟ. ಅಷ್ಟೆ, ಮೈ ಕೂಡ ನೆನೆದಿರಲಿಲ್ಲ.

ಹತ್ತು ನಿಮಿಷದಲ್ಲಿ ಸದಸ್ಯರ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ. ಇದು ಯಾರ ಮಗು ಅಂತ ಒಬ್ಬರು. ಇವತ್ತು ಕ್ಲೋರಿನ್ ಪರೀಕ್ಷೆ ಮಾಡಿದ್ದೀರಾ ಅಂತ ಇನ್ನೊಬ್ಬರು. ಆ ಎರಡನೇ ಪ್ರಶ್ನೆ ನೋಡಿ ಗೆಳೆಯರೇ. ಅರವತ್ತು ಮಕ್ಕಳು ದಿನಾ ಬಿದ್ದು ಎದ್ದು, ನೀರು ಕುಡಿದು ಉಗಿದು, ಇನ್ನೂ ಏನೇನೋ ಮಾಡೋ ನೀರದು. ಆಗ ನೆನಪಾಗದ ಕ್ಲೋರಿನ್ ಆ ಎರಡು ಕಾಲು ನೋಡಿದ ತಕ್ಷಣ ನೆನಪಾಯ್ತು.

ಮ್ಯಾನೇಜರ್ ನನ್ನ ಕರೆದು, ಜ್ಞಾಪನೆ ಮತ್ತೆ ಕಳಿಸಿ, ಏಳನೇ ಸಾಲು ದಪ್ಪಕ್ಷರದಲ್ಲಿ ಇರಲಿ ಅಂದ್ರು. ಆವಾಗ ಓದಿದೆ ನಾನು ಏಳನೇ ಸಾಲನ್ನ. ಇಂಗ್ಲಿಷಿನಲ್ಲಿದೆ, ಕನ್ನಡದಲ್ಲಿ ಹೇಳಬೇಕಂದ್ರೆ ಹೀಗೆ: ಸಾಕುಪ್ರಾಣಿಗಳು, ಹೊರಗಿನ ತಿಂಡಿ, ಮನೆಗೆಲಸದವರು, ಡ್ರೈವರ್‌ಗಳು, ಸಿಬ್ಬಂದಿಯ ಮಕ್ಕಳು, ಇವರಿಗೆ ಪೂಲಿನ ಆವರಣದಲ್ಲಿ ಪ್ರವೇಶವಿಲ್ಲ. ನಾಯಿ ಮೊದಲು, ಆಮೇಲೆ ಸಮೋಸ, ಆಮೇಲೆ ನಾವು.

ನಾನೇ ಎಷ್ಟು ಸಲ ಕಳಿಸಿದ್ದೀನಿ ಈ ಸಾಲನ್ನ! ಸಂಜೆ ಸಂವಿಧಾನದ ಬಗ್ಗೆ ಭಾಷಣ ಮಾಡಿ, ಬೆಳಗ್ಗೆ ಹೋಗಿ ಇದನ್ನ ಮುನ್ನೂರು ಮನೆಗೆ ಕಳಿಸಿದ್ದೀನಿ. ಅದಕ್ಕೇ ಈ ಪೋಸ್ಟು. ಬೇರೆಯವರ ಮೇಲೆ ಬೆರಳು ತೋರಿಸೋ ಮೊದಲು ನನ್ನ ಬೆರಳು ಎಲ್ಲಿತ್ತು ಅಂತ ಹೇಳಬೇಕಲ್ಲ.

"ಇದರಲ್ಲಿ ಜಾತಿ ಎಲ್ಲಿದೆ?" ಅಂತ ಕೇಳೋರು ಇಲ್ಲೂ ಇದ್ದಾರೆ, ಗೊತ್ತು. ಸಾಲಿನಲ್ಲಿ ಜಾತಿ ಇಲ್ಲ, ಒಪ್ತೀನಿ. ನಮ್ಮ ವಕೀಲ ಮಿತ್ರನ ಹತ್ರ ಕೇಳಿದೆ. ಅಟ್ರಾಸಿಟಿ ಕೇಸಿಗೆ ಇದು ನಿಲ್ಲೋದು ಕಷ್ಟ ಅಣ್ಣ ಅಂದ. ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲು, ಸಾರ್ವಜನಿಕ ಮನರಂಜನೆಯ ಸ್ಥಳದ ಮಾತಾಡುತ್ತೆ. ಬಾವಿ, ಕೆರೆ, ಸ್ನಾನಘಟ್ಟದ ಮಾತೂ ಆಡುತ್ತೆ, ಆದ್ರೆ ಅವು ಸರ್ಕಾರದ ದುಡ್ಡಿನದೋ ಸಾರ್ವಜನಿಕರಿಗೆ ಬಿಟ್ಟಿದ್ದೋ ಆಗಿರಬೇಕು. ಗೇಟು ಹಾಕಿದ ಖಾಸಗಿ ಕ್ಲಬ್ಬು ಆ ಬಲೆಯಿಂದ ಜಾರ್ಕೊಳ್ಳುತ್ತೆ. ಸರಿ. ಆದ್ರೆ ನನ್ನ ಹಾಜರಿ ಪುಸ್ತಕ ನನ್ನ ಮುಂದೆ ಇದೆ. ಕಸ ಗುಡಿಸೋರು, ಪಾಯಿಖಾನೆ ತೊಳೆಯೋರು, ಒಳಚರಂಡಿ ನೋಡೋರು, ಇವರ ಹೆಸರಿನ ಪಕ್ಕ ಊರು ಬರೆದಿದ್ದೀನಿ, ಅವರ ಕೇರಿ ನಂಗೆ ಗೊತ್ತು. ಸದಸ್ಯರ ಪಟ್ಟಿಯೂ ನನ್ನ ಹತ್ರಾನೇ ಇದೆ, ಅದರ ಅಡ್ಡಹೆಸರುಗಳನ್ನೂ ಓದಿದ್ದೀನಿ. ಜಾತಿ ಬರೆಯೋ ಅಗತ್ಯವೇ ಬೀಳದ ಹಾಗೆ ಎರಡು ಪಟ್ಟಿ ತಯಾರಾಗಿವೆ.

ಪೂಲು ಕ್ಲೀನ್ ಮಾಡೋ ಹುಡುಗ ಇದ್ದಾನೆ. ಬೆಳಗ್ಗೆ 5ಕ್ಕೆ ಬ್ರಷ್ ಹಿಡ್ಕೊಂಡು ಅದೇ ನೀರಿಗೆ ಸೊಂಟದವರೆಗೆ ಇಳೀತಾನೆ. ಪಾಚಿ ಉಜ್ತಾನೆ, ತಳದ ಕಸ ಎತ್ತುತಾನೆ. 6 ಗಂಟೆಗೆ ಮೇಲೆ ಹತ್ತಿದ ಮೇಲೆ ಮತ್ತೆ ಇಳಿಯೋ ಹಾಗಿಲ್ಲ. ಇದನ್ನ ನೋಡಿದಾಗ ನಮ್ಮ ತಾತ ನೆನಪಾಗ್ತಾನೆ. ನಮ್ಮೂರಿನ ಮೆಟ್ಟಿಲು ಬಾವಿ ಹೂಳೆತ್ತೋಕೆ ಪ್ರತಿ ಬೇಸಿಗೆ ನಮ್ಮ ಕೇರಿಯವರನ್ನೇ ಕರೀತಿದ್ರು. ತಾತ ತಳದವರೆಗೆ ಇಳಿದು ಕೆಸರು ಹೊತ್ತು ತರ್ತಿದ್ದ. ಹೊಸ ನೀರು ಊರಿದ ಮೇಲೆ ಪೂಜೆ. ಪೂಜೆ ಆದಮೇಲೆ ತಾತ ಆ ಮೆಟ್ಟಿಲು ಮುಟ್ಟೋ ಹಾಗಿಲ್ಲ.

ಆ ಬಾವಿಯಲ್ಲೇ ಊರಿನ ಹುಡುಗರೆಲ್ಲ ಈಜು ಕಲ್ತಿದ್ದು. ಬೇಸಿಗೆ ರಜೆಯಲ್ಲಿ ಒಣಗಿದ ಸೋರೆಬುರುಡೆ ಬೆನ್ನಿಗೆ ಕಟ್ಕೊಂಡು ಅಣ್ಣಂದಿರು ತಮ್ಮಂದಿರನ್ನ ನೂಕೋರು. ಕೂಗು, ನಗು, ನೀರು ಎರಚಿದ ಸದ್ದು. ನಾವು ಹುಣಸೆ ಮರದ ಹತ್ರ ನಿಂತು ನೋಡ್ತಿದ್ವಿ, ಅದಕ್ಕಿಂತ ಹತ್ತಿರ ಹೋಗ್ತಿರಲಿಲ್ಲ. ಯಾರೂ ಹೊಡೀತಿರಲಿಲ್ಲ, ಅದರ ಅಗತ್ಯಾನೇ ಇರಲಿಲ್ಲ. ಎಲ್ಲಿ ನಿಲ್ಲಬೇಕು ಅಂತ ನಮಗೇ ಗೊತ್ತಿತ್ತು.

ಹಾಗಂತ ಮಕ್ಕಳಿಗೆ ಸೆಕೆ ಆಗಲ್ವಾ? ಅದಕ್ಕೇ ಕಲ್ಲು ಕ್ವಾರಿ ಗುಂಡಿಗೆ ಹೋಗ್ತಿದ್ವಿ. ಕಲ್ಲು ಒಡೆದು ಬಿಟ್ಟುಹೋದ ಗುಂಡಿ, ಮಳೆ ನೀರು ನಿಂತಿರುತ್ತೆ, ಯಾರ ಅಪ್ಪಣೆಯೂ ಬೇಡ. ಮೆಟ್ಟಿಲಿಲ್ಲ, ಅಂಚಿನಿಂದ ಒಂದು ಹೆಜ್ಜೆ ಇಟ್ಟರೆ ಎರಡಾಳು ಆಳ. 1993ರ ಏಪ್ರಿಲ್. ನಂಗೆ 13, ನನ್ನ ಚಿಕ್ಕಪ್ಪನ ಮಗನಿಗೆ 12. ಅವನು ಜಾರಿದ. ದಡದಲ್ಲಿ ನಾವು ಆರು ಜನ ಇದ್ವಿ, ಆರರಲ್ಲಿ ಒಬ್ಬನಿಗೂ ಈಜು ಬರಲ್ಲ. ಟವೆಲ್ ಎಸೆದ್ವಿ, ಸಾಲಲಿಲ್ಲ. ಊರಿಗೆ ಓಡಿ ಕರ್ಕೊಂಡು ಬಂದದ್ದು ಮೆಟ್ಟಿಲು ಬಾವಿಯಲ್ಲಿ ಈಜು ಕಲಿತ ಒಬ್ಬ ಗೌಡರ ಹುಡುಗನನ್ನ. ಅವನು ಹಿಂದೆಮುಂದೆ ನೋಡದೆ ಹಾರಿದ, ಎತ್ತಿ ತಂದ. ಅಷ್ಟೊತ್ತಿಗೆ ಮುಗಿದಿತ್ತು. ಆ ಹುಡುಗನ ಬಗ್ಗೆ ನಂಗೆ ಇವತ್ತಿಗೂ ಗೌರವ ಇದೆ. ಆದ್ರೆ ಅವನಿಗೆ ಈಜು ಬರ್ತಿತ್ತು, ನಮಗೆ ಬರ್ತಿರಲಿಲ್ಲ ಅನ್ನೋದು ಆಕಸ್ಮಿಕ ಅಲ್ಲ.

ಈಗಲೂ ಬೇಸಿಗೆಯಲ್ಲಿ ಪೇಪರ್ ತೆಗೆದ್ರೆ ಒಳಪುಟದಲ್ಲಿ ಸಣ್ಣ ಸುದ್ದಿ ಇರುತ್ತೆ. ಕೃಷಿ ಹೊಂಡದಲ್ಲಿ ಇಬ್ಬರು ಮಕ್ಕಳು, ಕ್ವಾರಿ ಗುಂಡಿಯಲ್ಲಿ ಮೂವರು, ಕೆರೆಯಲ್ಲಿ ಹೂಳು ತೆಗೆದ ಗುಂಡಿಗೆ ಜಾರಿ ಅಣ್ಣ ತಂಗಿ. ಬಟ್ಟೆ ಒಗೆಯೋಕೆ ಹೋದ ತಾಯಿ, ಅವಳ ಹಿಂದೆ ಹೋದ ಮಗು. ವಿಳಾಸ ಓದಿ, ಕೂಲಿಯವರ ಮಕ್ಕಳೇ ಎಷ್ಟು ಅಂತ ನೀವೇ ಎಣಿಸಿ. ಆಕಸ್ಮಿಕ ಸಾವು ಅಂತ ಪೊಲೀಸರು ಬರ್ಕೊಳ್ತಾರೆ.

ಕ್ಲಬ್ಬು, ಕೆಲಸಗಾರ, ನೀರು, ಚಹಾ ಇವೆಲ್ಲ ನಮಗೆ ಹೊಸದಲ್ಲ. ಪಾಲ್ವಂಕರ್ ಬಾಲು ಹೆಸರು ನಮ್ಮ ಹುಡುಗರಿಗೆ ಗೊತ್ತಿರಬೇಕು. 1876ರಲ್ಲಿ ನಮ್ಮ ಧಾರವಾಡದಲ್ಲೇ ಹುಟ್ಟಿದವರು, ಚಮ್ಮಾರ ಸಮುದಾಯ. ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ತಿಂಗಳಿಗೆ 4 ರೂಪಾಯಿಗೆ ಮೈದಾನ ಗುಡಿಸೋದು, ರೋಲರ್ ಎಳೆಯೋದು, ನೆಟ್ ಕಟ್ಟೋದು. ಸಾಹೇಬರು ಅಭ್ಯಾಸಕ್ಕೆ ಬಂದಾಗ ಬೌಲ್ ಮಾಡೋದೂ ಇವರೇ. ಹಾಗೆ ಬೌಲ್ ಮಾಡಿ ಮಾಡಿ ದೇಶದ ದೊಡ್ಡ ಸ್ಪಿನ್ನರ್ ಆದರು. ಮುಂದೆ ಪುಣೆಯ ಹಿಂದೂಗಳ ತಂಡ ಗೆಲ್ಲೋಕೆ ಇವರನ್ನ ಸೇರಿಸ್ಕೊಳ್ತು, ಮೈದಾನದಲ್ಲಿ ಚೆಂಡು ಮುಟ್ಟಬಹುದು. ಚಹಾ ಹೊತ್ತಿಗೆ ಮಾತ್ರ ಪೆವಿಲಿಯನ್ ಹೊರಗೆ, ಬೇರೆ ಮಣ್ಣಿನ ಲೋಟದಲ್ಲಿ. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದ ಮನುಷ್ಯ. ತಮ್ಮ ವಿಠಲ್ ಹಿಂದೂ ತಂಡದ ನಾಯಕ ಆಗೋಕೆ 1923ರ ತನಕ ಕಾಯಬೇಕಾಯ್ತು. 1937ರ ಚುನಾವಣೆಯಲ್ಲಿ ಬಾಲು ಕಾಂಗ್ರೆಸ್ಸಿನಿಂದ ಬಾಬಾಸಾಹೇಬರ ವಿರುದ್ಧವೇ ನಿಂತು ಸೋತರು, ಅದು ಬೇರೆ ಕಥೆ, ಇನ್ನೊಂದು ದಿನ ಮಾತಾಡೋಣ. ನಾನು ಹೇಳೋದು ಇಷ್ಟು: ಕ್ಲಬ್ಬಿಗೆ ನಮ್ಮ ಕೈ ಯಾವಾಗಲೂ ಬೇಕಿತ್ತು.

ಇನ್ನು 'ಇದು ಖಾಸಗಿ ಆಸ್ತಿ' ಅನ್ನೋ ವಾದ. ಮಹಾಡ್ ನೆನಪಿಸ್ಕೊಳ್ಳಿ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಚವದಾರ್ ಕೆರೆಯ ನೀರು ಮುಟ್ಟಿದ ದಿನ ನಮಗೆಲ್ಲ ಬಾಯಿಪಾಠ. ಆಮೇಲೆ ಸವರ್ಣೀಯರು 108 ಕೊಡ ಪಂಚಗವ್ಯ ಸುರಿದು ಕೆರೆ 'ಶುದ್ಧ' ಮಾಡಿದ್ದೂ ಗೊತ್ತು. (ಕ್ಲೋರಿನ್ ಪರೀಕ್ಷೆ ಅಂದಾಗ ನಂಗೆ ಮೊದಲು ಹೊಳೆದಿದ್ದು ಅದೇ.) ಆದ್ರೆ ಅವರು ಕೋರ್ಟಿಗೆ ಹೋಗಿ ಏನು ವಾದ ಮಾಡಿದ್ರು ಅಂತ ನಾವು ಅಷ್ಟಾಗಿ ಮಾತಾಡಲ್ಲ. ಈ ಕೆರೆ ಸಾರ್ವಜನಿಕ ಅಲ್ಲ, ಖಾಸಗಿ ಸ್ವತ್ತು ಅಂದ್ರು. 1927ರ ಡಿಸೆಂಬರಿನಲ್ಲಿ ತಡೆಯಾಜ್ಞೆ ತಂದ್ರು. ಬಾಂಬೆ ಹೈಕೋರ್ಟು ಕೊನೆಗೆ ನಮ್ಮ ಪರ ತೀರ್ಪು ಕೊಟ್ಟಿದ್ದು 1937ರ ಮಾರ್ಚಿನಲ್ಲಿ. ನೀರು ಯಾರದ್ದು ಅನ್ನೋ ಒಂದು ಪ್ರಶ್ನೆಗೆ ಹತ್ತು ವರ್ಷ. ಖಾಸಗಿ ಅನ್ನೋ ಪದ ಕೇಳಿದ್ರೆ ನಂಗೆ ಸುಮ್ಮನೆ ಅನುಮಾನ ಬರಲ್ಲ.

ಕಂಟ್ರಿ ಕ್ಲಬ್ಬಿನ ತವರು ಅಮೆರಿಕದಲ್ಲೂ ಇದೇ ಆಗಿದ್ದು. ಊರಿನ ಈಜುಕೊಳಗಳಿಗೆ ಕಪ್ಪು ಜನರನ್ನೂ ಬಿಡಬೇಕು ಅಂತ ಕೋರ್ಟು ಹೇಳೋಕೆ ಶುರು ಮಾಡಿದ ಮೇಲೆ ಬಿಳಿಯರು ತಮ್ಮದೇ ಖಾಸಗಿ ಈಜು ಕ್ಲಬ್ ಕಟ್ಕೊಂಡ್ರು, ಕೆಲವು ಊರುಗಳು ಸಾರ್ವಜನಿಕ ಕೊಳವನ್ನೇ ಮುಚ್ಚಿದ್ವು. 1964ರ ಜೂನಿನಲ್ಲಿ ಫ್ಲಾರಿಡಾದ ಸೇಂಟ್ ಅಗಸ್ಟೀನಿನಲ್ಲಿ ಕಪ್ಪು ಹೋರಾಟಗಾರರು ಒಂದು ಮೋಟೆಲಿನ ಪೂಲಿಗೆ ಇಳಿದಾಗ ಅದರ ಮ್ಯಾನೇಜರು ನೀರಿಗೆ ಆಸಿಡ್ ಸುರಿದ, ಆ ಫೋಟೋ ಜಗತ್ತೆಲ್ಲ ನೋಡ್ತು. ಇವತ್ತಿಗೂ ಅಲ್ಲಿ ಕಪ್ಪು ಮಕ್ಕಳು ನೀರಿನಲ್ಲಿ ಮುಳುಗಿ ಸಾಯೋ ಪ್ರಮಾಣ ಬಿಳಿ ಮಕ್ಕಳಿಗಿಂತ ಜಾಸ್ತಿ. ಅಜ್ಜನಿಗೆ ಕಲಿಸದ ಈಜನ್ನ ಅಪ್ಪ ಮಗನಿಗೆ ಹೇಗೆ ಕಲಿಸ್ತಾನೆ? ನನ್ನ ಮಗಳಿಗೂ ಈಜು ಬರಲ್ಲ.

ನಾನೇನು ಮಾಡಿದೆ ಅಂತ ಕೇಳ್ತೀರಿ. ದೊಡ್ಡದೇನೂ ಇಲ್ಲ. ಜ್ಞಾಪನೆಯ ಕರಡಿನಲ್ಲಿ ಏಳನೇ ಸಾಲಿನಿಂದ ಮನುಷ್ಯರನ್ನ ತೆಗೆದೆ. ಮ್ಯಾನೇಜರ್ ಕಣ್ಣಿಗೆ ಬಿತ್ತು, ಮತ್ತೆ ಸೇರಿಸಿ ಅಂದ್ರು. ನಾಯಿ ಜೊತೆ ಮನುಷ್ಯರನ್ನ ಬರೆದ್ರೆ ಯಾರಾದ್ರೂ ಫೋಟೋ ತೆಗೆದು ಹಾಕಿದ್ರೆ ಕ್ಲಬ್ಬಿನ ಮರ್ಯಾದೆ ಹೋಗುತ್ತೆ ಸಾರ್ ಅಂದೆ. ಯೋಚನೆ ಮಾಡಿದ್ರು. ಈಗ ನಾಯಿ, ಸಮೋಸ ಏಳನೇ ಸಾಲಿನಲ್ಲಿ. ನಾವು ಎಂಟನೇ ಸಾಲಿನಲ್ಲಿ, ನಮಗೇ ಅಂತ ಒಂದು ಸಾಲು. ಇಪ್ಪತ್ತು ವರ್ಷದ ಹೋರಾಟದ ಬದುಕಿನಲ್ಲಿ ಇದೂ ಒಂದು ಗೆಲುವು ಅಂತ ಬರ್ಕೊಳ್ಳಲಾ?

ಇನ್ನೊಂದು ಅರ್ಜಿ ಕೊಟ್ಟಿದ್ದೀನಿ, ಲಿಖಿತದಲ್ಲಿ, ನನ್ನ ಹೆಸರು ಹಾಕಿ. ಸೋಮವಾರ ಕ್ಲೀನಿಂಗ್ ಅಂತ ಸದಸ್ಯರಿಗೆ ಪೂಲು ಬಂದ್. ಕ್ಲೀನಿಂಗ್ ಮಧ್ಯಾಹ್ನಕ್ಕೆ ಮುಗಿಯುತ್ತೆ, ಸಂಜೆಯೆಲ್ಲ ಖಾಲಿ. ರಜೆ ಮುಗಿಯೋವರೆಗೆ ಸೋಮವಾರ 4ರಿಂದ 5, ಸಿಬ್ಬಂದಿ ಮಕ್ಕಳಿಗೆ ಒಂದು ಗಂಟೆ, ಲೈಫ್‌ಗಾರ್ಡ್ ಹೇಗೂ ಡ್ಯೂಟಿಯಲ್ಲೇ ಇರ್ತಾನೆ. ಜೊತೆಗೆ ಹೊಂಗೆ ಮರದ ಬದಲು ಒಂದು ಫ್ಯಾನ್ ಇರೋ ರೂಮು. ಆಯಾಗಳು ಬಿಸಿಲಲ್ಲಿ ಟವೆಲ್ ಹಿಡ್ಕೊಂಡು ಬೇಲಿ ಆಚೆ ನಿಂತಿರ್ತಾರೆ, ಅವರಿಗೆ ಒಂದು ಬೆಂಚು. ಮ್ಯಾನೇಜರ್ ಮನುಷ್ಯ ಕೆಟ್ಟವರಲ್ಲ. "ಇನ್ಶೂರೆನ್ಸ್ ಒಪ್ಪಲ್ಲ ಕಣ್ರೀ" ಅಂದ್ರು. ಮೆಂಬರ್ಸ್ ದುಡ್ಡು ಕೊಡ್ತಾರೆ, ಅವರಿಗೆ ಏನನ್ಸುತ್ತೆ ಅಂತಾನೂ ಅಂದ್ರು. ಇನ್ಶೂರೆನ್ಸ್ ಪ್ರಶ್ನೆ ಸುಳ್ಳಲ್ಲ, ನಾನು ಪಾಲಿಸಿ ಕಾಗದ ಓದಿದ್ದೀನಿ, ಹೆಸರು ಕೊಟ್ಟು ಒಂದಿಷ್ಟು ಕಟ್ಟಿದ್ರೆ ಸೇರಿಸಬಹುದು. ಎರಡನೇದಕ್ಕೆ ನನ್ನ ಹತ್ರ ಪಾಲಿಸಿ ಇಲ್ಲ. ಸದಸ್ಯರಲ್ಲೇ ಒಬ್ಬರು ರಿಟೈರ್ಡ್ ಟೀಚರಮ್ಮ ಇದ್ದಾರೆ, ಕಮಿಟಿ ಮೀಟಿಂಗಿನಲ್ಲಿ ನಾನೇ ಎತ್ತುತೀನಿ ಅಂದಿದ್ದಾರೆ. ನೋಡೋಣ.

2024ರ ಬೇಸಿಗೆ ನೆನಪಿದೆಯಾ? ಬೆಂಗಳೂರಿನಲ್ಲಿ ಕಾರು ತೊಳೆಯೋಕೆ, ಗಿಡಕ್ಕೆ ಕುಡಿಯೋ ನೀರು ಬಳಸಿದ್ರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳ್ತು, ಈಜುಕೊಳಕ್ಕೂ ಬಳಸಬೇಡಿ ಅಂತು. ಊರಾಚೆಯ ನಮ್ಮಲ್ಲೂ ಬೋರ್‌ವೆಲ್ ಕೈಕೊಟ್ಟು ಪೂಲು ಒಣಗಿತ್ತು. ಆಗ ಮಧ್ಯಾಹ್ನ ಆ ಖಾಲಿ ಪೂಲಿನ ನೆರಳು ಬೀಳೋ ಗೋಡೆ ಪಕ್ಕ ಸಿಬ್ಬಂದಿಯೆಲ್ಲ ಕೂತು ಊಟ ಮಾಡ್ತಿದ್ವಿ. ಯಾರೂ ಏನೂ ಅನ್ನಲಿಲ್ಲ. ನೀರಿಲ್ಲದಿದ್ದಾಗ ಅದು ಬರೀ ಗುಂಡಿ.

ಈಗ ನಮ್ಮವರಿಗೆ ಒಂದು ಮಾತು, ಬೇಜಾರಾದ್ರೂ ಸರಿ. ಹೋದ ವಾರ ನಮ್ಮ ಸಭೆಯಲ್ಲಿ ಈ ವಿಷಯ ಎತ್ತಿದೆ. ಒಬ್ಬ ತಮ್ಮ ನಕ್ಕ. "ಭೂಮಿ ಹೋರಾಟ ಬಿಟ್ಟು ಸ್ವಿಮ್ಮಿಂಗ್ ಪೂಲ್ ಹೋರಾಟನಾ ಅಣ್ಣ? ಮಿಡ್ಲ್ ಕ್ಲಾಸ್ ಆಗ್ಬಿಟ್ರಿ" ಅಂದ. ಭೂಮಿ ಬಿಡಿ ಅಂತ ನಾನೆಲ್ಲಿ ಹೇಳಿದೆ? ನನ್ನ ಚಿಕ್ಕಮ್ಮ 30 ವರ್ಷದಿಂದ ಆ ಕ್ವಾರಿ ದಾರಿಯಲ್ಲಿ ನಡೆದಿಲ್ಲ, ಸುತ್ತು ಹಾಕಿ ಹೋಗ್ತಾಳೆ. ಅವಳಿಗೆ ಹೇಳು ಹೋಗಿ, ಇದು ಮಿಡ್ಲ್ ಕ್ಲಾಸ್ ಪ್ರಶ್ನೆ ಅಂತ. ಏಪ್ರಿಲ್ 14ಕ್ಕೆ ಫ್ಲೆಕ್ಸಿಗೆ, ಡಿಜೆಗೆ ಎಷ್ಟು ಖರ್ಚು ಮಾಡಿದ್ವಿ ಅನ್ನೋ ಲೆಕ್ಕ ನನ್ನ ಹತ್ರ ಇದೆ, ಗುಮಾಸ್ತ ಅಲ್ವಾ, ಇಲ್ಲಿ ಹಾಕಲ್ಲ. ಅದರ ಕಾಲು ಭಾಗದಲ್ಲಿ ಇಪ್ಪತ್ತು ಲೈಫ್ ಜಾಕೆಟ್ ಬರ್ತಿತ್ತು. ಪಂಚಾಯಿತಿ ಅರಿವು ಕೇಂದ್ರಗಳಲ್ಲಿ ಬೇಸಿಗೆ ಶಿಬಿರ ನಡೆದದ್ದುಂಟು, ಕಥೆ, ಚಿತ್ರ, ಕಾಗದದ ಗೊಂಬೆ, ಒಳ್ಳೇದೇ. ಅದಕ್ಕೆ ಈಜು ಸೇರಿಸಿ ಅಂತ ನಾವು ಒಂದಾದ್ರೂ ಮನವಿ ಕೊಟ್ಟಿದ್ದೀವಾ? ಹಾಸ್ಟೆಲುಗಳಲ್ಲಿ ಊಟ ಸರಿ ಇಲ್ಲ ಅಂತ ಧರಣಿ ಕೂತಿದ್ದೀವಿ, ಕೂರಲೇಬೇಕು. ಈಜು ಕಲಿಸಿ ಅಂತ ಒಂದು ಸಾಲು ನಮ್ಮ ಯಾವ ಬೇಡಿಕೆ ಪಟ್ಟಿಯಲ್ಲೂ ನಾನು ನೋಡಿಲ್ಲ. ಆ ಪಟ್ಟಿಗಳನ್ನ ಬರೆದವನೂ ಬಹಳ ಸಲ ನಾನೇ.

ಹಾಗಾಗಿ ಕ್ಲಬ್ಬಿನ ಕಮಿಟಿ ಏನಾದ್ರೂ ಹೇಳಲಿ, ನಾವು ಶುರು ಮಾಡ್ತಿದ್ದೀವಿ. ಮುಂದಿನ ಭಾನುವಾರ ಬೆಳಗ್ಗೆ 6:30ಕ್ಕೆ, ನಮ್ಮ ಹೋಬಳಿಯ ಕಲ್ಯಾಣಿಯಲ್ಲಿ. ಪಂಚಾಯಿತಿಗೆ ಪತ್ರ ಕೊಟ್ಟು ಒಪ್ಪಿಗೆ ತಗೊಂಡಿದ್ದೀವಿ. ಅಗ್ನಿಶಾಮಕ ದಳದಿಂದ ರಿಟೈರ್ ಆದ ನಮ್ಮವರೇ ಒಬ್ಬರು ಕಲಿಸ್ತಾರೆ. ಅವರು ಹೇಳಿದ ಮೆಟ್ಟಿಲಿಗಿಂತ ಕೆಳಗೆ ಯಾರೂ ಇಳಿಯೋ ಹಾಗಿಲ್ಲ, ಮಕ್ಕಳ ಜೊತೆ ಮನೆಯ ದೊಡ್ಡವರೊಬ್ಬರು ಬರಲೇಬೇಕು. ಹೆಣ್ಣುಮಕ್ಕಳನ್ನ ಮನೇಲಿ ಬಿಟ್ಟು ಬರಬೇಡಿ. ಅವರಿಗೆ ಕಲಿಸೋಕೆ ಈಜು ಬರೋ ಅಕ್ಕಂದಿರು ಬೇಕು, ಇನ್ನೂ ಸಿಕ್ಕಿಲ್ಲ, ಯಾರಾದ್ರೂ ಗೊತ್ತಿದ್ರೆ ಇನ್‌ಬಾಕ್ಸಿಗೆ ಬನ್ನಿ. ಲೈಫ್ ಜಾಕೆಟ್ ನಾಲ್ಕು ಸಿಕ್ಕಿದೆ, ಇನ್ನೂ ಬೇಕು. ಉದ್ದನೆ ಹಗ್ಗ ಬೇಕು. ಲಾರಿ ಟ್ಯೂಬು ಬೇಕು, ಪಂಕ್ಚರ್ ಹಾಕಿದ್ದಾದ್ರೂ ಪರವಾಗಿಲ್ಲ.

ಆ ಅಕ್ಕನ ಹತ್ರ ಹೇಳಿದೆ. ಮೊದಲು ಹೆದರಿದ್ರು. "ಮತ್ತೆ ಯಾರಾದ್ರೂ ಏನಾದ್ರೂ ಅಂದ್ರೆ ಅಣ್ಣಾ?" ಅಂದ್ರು. ಅನ್ನೋಕೆ ಅಲ್ಲಿ ಮೆಂಬರ್ಸ್ ಇರಲ್ಲ ಬಾರಕ್ಕ ಅಂದೆ. ಹುಡುಗ ಬರ್ತಾನಂತೆ, ಚಡ್ಡಿ ಈಗ್ಲೇ ಎತ್ತಿಟ್ಕೊಂಡಿದ್ದಾನಂತೆ. ನನ್ನ ಮಗಳೂ ಬರ್ತಾಳೆ. ನಾನೂ ಇಳೀತಿದ್ದೀನಿ, 46ನೇ ವಯಸ್ಸಿನಲ್ಲಿ. ನನ್ನ ಮೈ ನೋಡಿರೋರು ದಯವಿಟ್ಟು ಟ್ರ್ಯಾಕ್ಟರಿನ ಹಿಂದಿನ ಚಕ್ರದ ಟ್ಯೂಬು ಎಲ್ಲಾದ್ರೂ ಇದ್ರೆ ತಿಳಿಸಿ.